ತಾಯ್ನಾಡಿನ ತಪ್ಪುಗಳು ಮತ್ತು ನಾವು

ರಜೆಗೆಂದು ಊರಿಗೆ ಹೋಗಿ ಹೈದರಾಬಾದಿಗೆ ಮರಳಿದ ಮೇಲೆ ನಾವು ಕನ್ನಡಿಗರು ನಾಲ್ವರು ಒಂದೆಡೆ ಸೇರಿದರೆ ಮಾತು ಹೇಗೆ ಸಾಗುತ್ತದೆಂಬುದು ವಾಚಕರಿಗೆ ತಿಳಿದದ್ದೇ. ಬಸ್ಸು ಬರಲಿಲ್ಲ, ಕರೆಂಟು ಇರಲಿಲ್ಲ, ನಲ್ಲಿಯಲ್ಲಿ ನೀರು ಬಂದದ್ದು ಮೂರು ದಿನಕ್ಕೊಮ್ಮೆ, ಕಚೇರಿಯಲ್ಲಿ ಕುರ್ಚಿಯಿತ್ತು, ಕುರ್ಚಿಯಲ್ಲಿ ಮನುಷ್ಯನಿರಲಿಲ್ಲ. ಒಬ್ಬರು ಮುಗಿಸುವುದರೊಳಗೆ ಇನ್ನೊಬ್ಬರು ಶುರುಮಾಡುತ್ತಾರೆ. ಆದರೆ ಇದೇ ಮಾತನ್ನು ನೆರೆಮನೆಯ ತೆಲುಗು ಮಿತ್ರರು ಆಡಿದರೋ, ನಮಗೆ ಎಲ್ಲಿಲ್ಲದ ಕೋಪ ಬರುತ್ತದೆ. ‘ನಮ್ಮ ಜನರ ಗುಣ ನಿಮಗೇನು ಗೊತ್ತು?’ ಎಂದು ವಾದಕ್ಕೆ ನಿಲ್ಲುತ್ತೇವೆ. ತಪ್ಪುಗಳನ್ನು ಬಲ್ಲೆವು, ಆದರೂ ನಾಡನ್ನು ಪ್ರೀತಿಸುತ್ತೇವೆ ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಈ ‘ಆದರೂ’ ಎಂಬ ಮಾತನ್ನು ಸ್ವಲ್ಪ ಪರೀಕ್ಷಿಸಿ ನೋಡಬೇಕೆನಿಸುತ್ತದೆ.

ನಮ್ಮಲ್ಲಿ ಅನೇಕರ ಹಿರಿಯರು ನಾಡು ಬಿಟ್ಟು ಬಂದವರೇ ಅಲ್ಲ. ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿದ್ದ ಕಾಲದಲ್ಲಿ ಓದಿಗೆ, ಕೋರ್ಟು ಕೆಲಸಕ್ಕೆ, ನೌಕರಿಗೆ ಅವರು ತಮ್ಮದೇ ರಾಜಧಾನಿಗೆ ಬಂದಿದ್ದರು. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಇಲ್ಲಿ ಉಳಿದವರು ಮನೆ ಬದಲಿಸದೆಯೇ ಹೊರನಾಡಿನವರಾದರು. ಮಿಕ್ಕವರು ಆಮೇಲೆ ಹೊಟ್ಟೆಪಾಡಿಗಾಗಿ ಬಂದವರು. ಹೇಗೆ ಬಂದವರಾದರೂ ಈಗ ನಮ್ಮೆಲ್ಲರ ಸ್ಥಿತಿ ಒಂದೇ: ಊರಿನಲ್ಲಿ ನಾವು ‘ಹೈದರಾಬಾದಿನವರು’, ಹೈದರಾಬಾದಿನಲ್ಲಿ ‘ಕನ್ನಡದವರು’.

ನಾಡಿನ ಕೊರತೆಗಳು ನಮ್ಮ ಕಲ್ಪನೆಯವಲ್ಲ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಕೊಟ್ಟ ವರದಿಯಲ್ಲಿ ಕರ್ನಾಟಕದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 21 ಗುಲ್ಬರ್ಗಾ ವಿಭಾಗದವೇ. ಹನ್ನೊಂದು ವರ್ಷಗಳ ಬಳಿಕ, 2013ರಲ್ಲಿ, ಸಂವಿಧಾನಕ್ಕೆ 371ಜೆ ವಿಧಿ ಸೇರಿ ಆ ಭಾಗದ ಮಕ್ಕಳಿಗೆ ಓದಿನಲ್ಲೂ ನೌಕರಿಯಲ್ಲೂ ಮೀಸಲಾತಿಯ ಹಾದಿ ತೆರೆಯಿತು. ಅದು ನಾಡನ್ನು ಹಾಡಿ ಹೊಗಳಿದ್ದರಿಂದ ಬಂದದ್ದಲ್ಲ. ವೈಜನಾಥ ಪಾಟೀಲರಂಥವರು ಅಲ್ಲಿಯೇ ನಿಂತು, ‘ನಮಗೆ ಅನ್ಯಾಯವಾಗಿದೆ’ ಎಂದು ವರ್ಷಗಟ್ಟಲೆ ಹೇಳಿದ್ದರಿಂದ, ಹೋರಾಡಿದ್ದರಿಂದ ಬಂದದ್ದು. ಆದುದರಿಂದ ದೂರುವುದು ಪ್ರೀತಿಗೆ ವಿರುದ್ಧವೆಂದು ಹೇಳಲಾಗದು. ಹಾಗಾದರೆ ನಮ್ಮ ದೂರಿನಲ್ಲಿ ತಪ್ಪೇನಿದೆ? ಒಂದು ಸಣ್ಣ ಪ್ರಸಂಗ ಹೇಳಬೇಕು.

ಕೆಲವು ವರ್ಷಗಳ ಹಿಂದೆ ಹೊಲದ ಕಾಗದವೊಂದರ ಸಲುವಾಗಿ ನಾವು ಊರ ಕಡೆಯ ಒಂದು ಕಚೇರಿಯಲ್ಲಿ ಎರಡು ದಿನ ಕುಳಿತಿದ್ದೆವು. ಎರಡನೆಯ ದಿನ ಪಕ್ಕದಲ್ಲಿ ಒಬ್ಬ ಮುದುಕಿ. ಆಕೆಯ ವೃದ್ಧಾಪ್ಯ ವೇತನ ನಿಂತುಹೋಗಿತ್ತು. ಆಧಾರಿನಲ್ಲಿ ಒಂದು ಹೆಸರು, ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು. ಅದು ಆಕೆಯ ಮೂರನೆಯ ಸುತ್ತು. ಮಧ್ಯಾಹ್ನವಾದಾಗ ಆಕೆ ಗಂಟು ಬಿಚ್ಚಿ, ಜೋಳದ ರೊಟ್ಟಿ ಮುರಿದು, ಮೇಲಿಷ್ಟು ಶೇಂಗಾ ಹಿಂಡಿ ಹಾಕಿ ನಮ್ಮ ಮುಂದೆ ಹಿಡಿದಳು. ‘ತಗೋರಿ ಯಪ್ಪಾ, ದೂರದಿಂದ ಬಂದೀರಿ, ಹಸಗೊಂಡು ಕುಂದರಬ್ಯಾಡ್ರಿ’ ಎಂದಳು. ಸಂಜೆಯೊಳಗೆ ನಮ್ಮ ಕಾಗದ ಕೈಗೆ ಬಂತು. ರಾತ್ರಿಯ ರೈಲು ಹಿಡಿದೆವು.

ಆ ರೊಟ್ಟಿಯ ಕಥೆಯನ್ನು ಇಲ್ಲಿ ಎಷ್ಟು ಮನೆಗಳಲ್ಲಿ ಹೇಳಿದೆವೋ ಲೆಕ್ಕವಿಲ್ಲ. ‘ಕಚೇರಿ ಹಾಳಾಗಿರಬಹುದು, ಆದರೆ ನಮ್ಮ ಜನ ನೋಡಿ!’ ಎಂದು ಪ್ರತಿಸಲವೂ ಮುಗಿಸುತ್ತಿದ್ದೆವು. ಕೇಳಿದವರ ಕಣ್ಣು ತುಂಬುತ್ತಿತ್ತು. ಒಮ್ಮೆ ಒಬ್ಬ ಹುಡುಗಿ ಮಾತ್ರ, ‘ಆ ಅಜ್ಜಿಗೆ ದುಡ್ಡು ಬಂತೇ?’ ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಆಕೆಯ ಹೆಸರನ್ನೂ ನಾವು ಕೇಳಿರಲಿಲ್ಲ.

ಇನ್ನೂ ಒಂದನ್ನು ಒಪ್ಪಿಕೊಳ್ಳಲೇಬೇಕು. ಕರ್ನಾಟಕದಲ್ಲಿ 2011ರ ಕಾಯಿದೆಯಂತೆ ‘ಸಕಾಲ’ವೆಂಬ ವ್ಯವಸ್ಥೆಯಿದೆ. ಪಟ್ಟಿಯಲ್ಲಿರುವ ಕೆಲಸಗಳನ್ನು ಇಂತಿಷ್ಟು ದಿನಗಳಲ್ಲಿ ಮಾಡಿಕೊಡಬೇಕು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು, ಮೇಲಿನವರಿಗೆ ಮೇಲ್ಮನವಿಯನ್ನೂ ಸಲ್ಲಿಸಬಹುದು. ನಮ್ಮ ಅರ್ಜಿಗೆ ನಾವು ಆ ಸಂಖ್ಯೆಯನ್ನು ಕೇಳಿ ಪಡೆದಿದ್ದೆವು. ಪಕ್ಕದಲ್ಲಿ ಕುಳಿತವಳಿಗೆ ಅಂಥದೊಂದಿದೆಯೆಂದು ಹೇಳಲಿಲ್ಲ, ಆಕೆಯ ಕೆಲಸ ಆ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಲೂ ಇಲ್ಲ. ಅವಳು ತನ್ನ ರೊಟ್ಟಿಯಲ್ಲಿ ಅರ್ಧ ಕೊಟ್ಟಳು. ನಾವು ನಮ್ಮ ತಿಳುವಳಿಕೆಯಲ್ಲಿ ಒಂದು ತುತ್ತನ್ನೂ ಕೊಡಲಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಗಾದೆ. ಸರಿಯೇ. ಆದರೆ ಆ ಹೆಗ್ಗಣ ಯಾರ ಮನೆಯ ಕಾಳು ತಿನ್ನುತ್ತಿದೆಯೆಂಬುದನ್ನೂ ನೋಡಬೇಕಲ್ಲವೇ? ಕೊರತೆಯಿದ್ದರೂ ನಾಡನ್ನು ಪ್ರೀತಿಸುತ್ತೇವೆ ಎನ್ನುವಾಗ ನಾವು ಮಾಡುತ್ತಿರುವುದು ಒಂದು ಬಗೆಯ ಕ್ಷಮೆ. ನಮಗೆ ಎರಡು ದಿನ ಆದ ತೊಂದರೆಯನ್ನು ನಾವು ಧಾರಾಳವಾಗಿ ಕ್ಷಮಿಸಬಹುದು, ಅದು ನಮ್ಮದು. ಆದರೆ ವರ್ಷವಿಡೀ ಆ ಬಸ್ಸಿಗೆ ಕಾಯುವವಳ, ಆ ಮೆಟ್ಟಿಲು ಹತ್ತಿಳಿಯುವವಳ ತೊಂದರೆಯನ್ನು ಕ್ಷಮಿಸಲು ನಾವು ಯಾರು? ದೂರದಲ್ಲಿ ಸುಖವಾಗಿರುವವರ ಕ್ಷಮೆಗೆ ಬೆಲೆ ತೆರುವವರು ಅಲ್ಲಿರುವವರು. ನಮ್ಮ ಟೀಕೆಯೂ ಹಾಗೆಯೇ. ಅದು ಕಾಚಿಗುಡಾದ ಒಂದು ಮನೆಯಲ್ಲಿ ಹುಟ್ಟಿ, ಚಹಾ ಆರುವುದರೊಳಗೆ ಅಲ್ಲಿಯೇ ಮುಗಿಯುತ್ತದೆ. ಸರಿಪಡಿಸಬಲ್ಲವರ ಕಿವಿಗೆ ಅದೆಂದೂ ಬೀಳುವುದಿಲ್ಲ.

‘ನಮಗೆ ಅಲ್ಲಿ ಓಟೇ ಇಲ್ಲ, ನಾವೇನು ಮಾಡಲಾದೀತು?’ ಎಂದು ಕೆಲವರು ಕೇಳುವುದುಂಟು. ನಾಡನ್ನು ಉದ್ಧರಿಸುವ ಮಾತು ಬೇಡ. ಈ ಮಹಾನಗರದಲ್ಲಿ ಬಾಳಿ ನಾವು ಕಲಿತದ್ದು ಒಂದಿದೆ: ಯಾವ ಅರ್ಜಿಯನ್ನು ಎಲ್ಲಿ ಕೊಡಬೇಕು, ರಸೀದಿಯನ್ನು ಹೇಗೆ ಕೇಳಬೇಕು, ಉತ್ತರ ಬಾರದಿದ್ದರೆ ಯಾರಿಗೆ ಬರೆಯಬೇಕು ಎಂಬುದು. ಊರಿಗೆ ಹೋದಾಗ ನಮ್ಮ ಕಾಗದದ ಜೊತೆಗೆ ಇನ್ನೊಬ್ಬರ ಕಾಗದವನ್ನೂ ಬರೆದುಕೊಟ್ಟು, ಹೈದರಾಬಾದಿಗೆ ಬಂದ ಮೇಲೆಯೂ ಅದೇನಾಯಿತೆಂದು ಫೋನು ಮಾಡಿ ಕೇಳುವುದು ನಮ್ಮಿಂದ ಆಗದ ಕೆಲಸವಲ್ಲ. ಆಗ ನಾವು ಮಾಡುವ ಟೀಕೆಗೂ ಒಂದು ತೂಕ ಬಂದೀತು.

ಮುಂದಿನ ಸಲ ಹೋದಾಗ ಆ ಮುದುಕಿಯನ್ನು ಹುಡುಕಿದೆವು. ಹೆಸರು ಗೊತ್ತಿಲ್ಲದವಳನ್ನು ಎಲ್ಲೆಂದು ಹುಡುಕುವುದು? ಅದೇ ಬೆಂಚಿನ ಮೇಲೆ ಬೇರೊಬ್ಬಳು ಕುಳಿತಿದ್ದಳು. ಆಕೆಯ ಹೆಸರು ಕೇಳಿ ಬರೆದುಕೊಂಡೆವು.