ಕಸುಬು ಬಲ್ಲವರ ಉದ್ಯಮ

ಹೊಸ ಉದ್ಯಮ ಎಂದೊಡನೆ ಈಗಷ್ಟೇ ಕಾಲೇಜು ಮುಗಿಸಿದ ಹುಡುಗನೊಬ್ಬ ನಮ್ಮ ಕಣ್ಮುಂದೆ ಬರುತ್ತಾನೆ. ಸಂಶೋಧಕ ಪಿಯರ್ ಅಜೂಲೆ ಮತ್ತು ಸಂಗಡಿಗರು 2018ರಲ್ಲಿ ಅಮೆರಿಕದ ಸುಮಾರು 27 ಲಕ್ಷ ಸ್ಥಾಪಕರ ದಾಖಲೆಗಳನ್ನು ತಾಳೆ ನೋಡಿದಾಗ ಕಂಡ ಚಿತ್ರವೇ ಬೇರೆ. ಅತಿ ವೇಗವಾಗಿ ಬೆಳೆದ ಕಂಪನಿಗಳನ್ನು ಶುರು ಮಾಡಿದವರ ಸರಾಸರಿ ವಯಸ್ಸು 45. ಅದೇ ಕಸುಬಿನಲ್ಲಿ ಮೊದಲೇ ದುಡಿದವರು ಗೆಲ್ಲುವುದು ಇನ್ನೂ ಹೆಚ್ಚು.

ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಇದು ಹೊಸ ಮಾತಲ್ಲ. 1923ರಲ್ಲಿ ಶಿರಸಿಯಲ್ಲಿ ಶುರುವಾದ ಟಿಎಸ್‌ಎಸ್ ಅಡಿಕೆ ಬೆಳೆಗಾರರದೇ ಸಂಘ. ಅಡಿಕೆಯ ದರ್ಜೆಗಳಲ್ಲಿ ಚಾಲಿ ಯಾವುದು, ಬಿಳೆಗೋಟು ಯಾವುದು, ರಾಶಿಯಲ್ಲಿ ಬೆಟ್ಟೆ ಎಷ್ಟು ಬೆರೆತಿದೆ ಎಂದು ಮುಟ್ಟಿ ಹೇಳಬಲ್ಲವರ ಸಂಘ. ಅಡಿಕೆ ವ್ಯಾಪಾರದಲ್ಲಿ ದರ ನಿಲ್ಲುವುದೇ ಈ ವಿಂಗಡಣೆಯ ಮೇಲೆ. 2019ರಲ್ಲಿ ಈ ಮೂರೂ ತಾಲ್ಲೂಕುಗಳ ಅಡಿಕೆಗೆ ‘ಸಿರ್ಸಿ ಸುಪಾರಿ’ ಎಂಬ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದೂ ಈ ಸಂಘದ ಹೆಸರಿನಲ್ಲೇ.

ಇಂದು ಅಂಥ ಅನುಭವ ಹೆಚ್ಚಾಗಿ ಇರುವುದು ಅಡುಗೆಮನೆಯಲ್ಲಿ. ಅಪ್ಪೆಮಿಡಿ ಉಪ್ಪಿನಕಾಯಿಯನ್ನೇ ನೋಡಿ. ಮಿಡಿಯನ್ನು ತೊಟ್ಟು ಸಮೇತ ಕೊಯ್ದು, ನೆಲಕ್ಕೆ ಬೀಳದಂತೆ ಇಳಿಸಬೇಕು. ಪೆಟ್ಟು ಬಿದ್ದದ್ದು ಉಪ್ಪಿನಲ್ಲಿ ಕೊಳೆಯುತ್ತದೆ, ಪಕ್ಕದ್ದನ್ನೂ ಕೆಡಿಸುತ್ತದೆ. ಸೊನೆಯ ಪರಿಮಳ ಮೂಸಿಯೇ ಮರ ಆರಿಸುವ ಗೃಹಿಣಿಯರು ನಮ್ಮಲ್ಲಿದ್ದಾರೆ. ಹಾಳಾಗುವ ಭರಣಿ ಕಡಿಮೆಯಾದಷ್ಟೂ ಅದೇ ದುಡಿಮೆಗೆ ಹುಟ್ಟುವಳಿ ಹೆಚ್ಚು. ಈ ತಿಳಿವಳಿಕೆಗಿಂತ ದೊಡ್ಡ ಬಂಡವಾಳ ಏನಿದೆ?

ಆದರೆ ಒಂದು ತೊಡಕನ್ನು ಹೇಳಲೇಬೇಕು. ಉಪ್ಪು ಹಾಕುವುದೂ ತಾನೇ, ಖಾರ ಬೆರೆಸುವುದೂ ತಾನೇ ಎಂದು ಒಡತಿ ಹಟ ಹಿಡಿದರೆ, ಕೆಲಸಕ್ಕೆ ಎಷ್ಟು ಜನ ಬಂದರೂ ಉದ್ಯಮ ಅವಳ ಎರಡು ಕೈಯಷ್ಟೇ ದೊಡ್ಡದು. ಕೈಯಳತೆಯನ್ನು ತಕ್ಕಡಿಗೆ ತಂದು, ಬರೆದಿಟ್ಟು, ಪಕ್ಕದ ಮನೆಯ ಹುಡುಗಿಗೂ ಕಲಿಸುವ ಮನಸ್ಸು ಬೇಕು. ಕಸುಬಿನ ಜ್ಞಾನದ ಜೊತೆ ಈ ಉದಾರತೆಯೂ ಇರುವವರು ವಿರಳ. ಅವರನ್ನು ಹುಡುಕಿ ಬೆಂಬಲಿಸಬೇಕು ಎಂಬುದೇ ನನ್ನ ಕಳಕಳಿ.

ಕಿರು ಆಹಾರ ಉದ್ಯಮಗಳಿಗೆ 2020ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಯಂತ್ರ, ಶೆಡ್ಡಿನಂಥ ವೆಚ್ಚಕ್ಕೆ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವಿದೆ. ದುಡ್ಡಿಗೆ ದಾರಿಯಿದೆ ಎಂದಾಯಿತು. ಅರ್ಜಿ ಪರಿಶೀಲಿಸುವ ಅಧಿಕಾರಿಗಳಲ್ಲಿ, ಬ್ಯಾಂಕಿನವರಲ್ಲಿ ನನ್ನದೊಂದು ಕೋರಿಕೆ: ಕಾಗದಪತ್ರ ನೋಡಿದ ಮೇಲೆ ಆ ಮನೆಯ ಕಳೆದ ವರ್ಷದ ಭರಣಿಯೊಂದನ್ನು ತೆಗೆಸಿ ನೋಡಿ. ಇದನ್ನು ನೀವು ಇನ್ನು ಯಾರಿಗೆ ಕಲಿಸಿದ್ದೀರಿ ಎಂದೂ ಕೇಳಿ.