ಬಾಯಿ ಮುಚ್ಚಿಸುವ ಮೊದಲು

ಮನಸ್ಸು ನೆಮ್ಮದಿಯಾಗಿದೆ ಅಂದರೆ ಬದುಕು ಸರಿಯಾಗಿ ನಡೆದಿದೆ ಅಂತ ತಿಳಿಯಬಹುದೇ? ಮಠದಲ್ಲಿ ಕೂತು ಕೇಳಬೇಕಾದ ಈ ಪ್ರಶ್ನೆ ನನಗೆ ಎದುರಾಗಿದ್ದು ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ, ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದಾಗ. ನನ್ನೂರು ಕಮಲಾಪುರ, ಕೆಂಪು ಬಾಳೆಹಣ್ಣಿನ ಊರು. ಗಂಜಿನ ಅಡತಿ ಅಂಗಡಿಗಳ, ದಾಲ್ ಮಿಲ್ಲುಗಳ ಕಂಪ್ಯೂಟರ್ ರಿಪೇರಿ ನನ್ನ ಹೊಟ್ಟೆಪಾಡು. ಈ ಕೆಲಸದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಕೆಟ್ಟು ನಿಂತ ಯಂತ್ರಗಳಲ್ಲ, ಚೆನ್ನಾಗಿ ನಡೆಯುತ್ತಿದ್ದೂ ಸುಮ್ಮನಿರದ ಯಂತ್ರಗಳು.

ತೊಗರಿ ಸುಗ್ಗಿಯ ದಿನಗಳಲ್ಲಿ ಗಂಜಿಗೆ ಬಂದವರಿಗೆ ಇಲ್ಲಿನ ಧೂಳಿನ ಪರಿಚಯ ಇರುತ್ತದೆ. ಹಮಾಲರು ಚೀಲ ಸುರಿದಾಗ ಏಳುವ ತೊಗರಿ ಹೊಟ್ಟಿನ ಸಣ್ಣ ಪುಡಿ ಮೂಗಿಗೂ ಹೋಗುತ್ತದೆ, ಕಂಪ್ಯೂಟರಿನ ಡಬ್ಬಿಗೂ ಹೋಗುತ್ತದೆ. ಅಂಥದೇ ಒಂದು ಸುಗ್ಗಿಯಲ್ಲಿ ಒಬ್ಬ ಸಾಹುಕಾರರು ಕರೆಸಿದರು. ಮಧ್ಯಾಹ್ನ ದಾಟಿತೆಂದರೆ ಅವರ ಕಂಪ್ಯೂಟರು ಒಮ್ಮೆ ಏರುದನಿಯಲ್ಲಿ, ಒಮ್ಮೆ ಇಳಿದನಿಯಲ್ಲಿ ಪೀಂಗುಡಲು ಶುರುಮಾಡುತ್ತಿತ್ತು. ಲೆಕ್ಕ ಬರುತ್ತಿತ್ತು, ಬಿಲ್ಲು ಬರುತ್ತಿತ್ತು, ಕೆಲಸಕ್ಕೆ ತೊಂದರೆಯೇನೂ ಇರಲಿಲ್ಲ. “ಇದರ ಬಾಯಿ ಮುಚ್ಚಸ್ರಿ ಮೊದಲ. ರೈತರು ಮುಂದ ಕುಂತಿರ್ತಾರ, ತೆಲಿ ಕೆಟ್ಟು ಹೋಗ್ಲಾಕತ್ತದ,” ಅಂದರು. ಪಕ್ಕದಲ್ಲಿ ಗಾದಿಯ ಮೇಲೆ ಕೂತಿದ್ದ ವಯಸ್ಸಾದ ಮುನೀಮ ಕಾಕಾ ಕನ್ನಡಕದ ಮೇಲಿಂದ ನೋಡಿ, “ಬಾಯಿ ಮುಚ್ಚಸಾದು ಏನ್ ದೊಡ್ಡದ್ರಿ. ಯಾಕ ಒದರ್ಲಾಕತ್ತದ ಅಂತ ಯಾರರ ಕೇಳೀರೇನು?” ಅಂದರು.

ಯಂತ್ರಕ್ಕೆ ಬಾಯಿ ಯಾಕೆ ಇಟ್ಟರು ಅನ್ನುವುದನ್ನು ಮೊದಲು ಹೇಳಬೇಕು. 1981ರಲ್ಲಿ ಐಬಿಎಂ ತನ್ನ ಪಿಸಿ ತಂದಾಗ ಅದರೊಳಗೆ ಒಂದು ಸಣ್ಣ ಸ್ಪೀಕರ್ ಇತ್ತು. ಹಾಡು ಕೇಳಿಸುವುದು ಅದರ ಕೆಲಸವಾಗಿರಲಿಲ್ಲ. ಸ್ವಿಚ್ ಹಾಕಿದೊಡನೆ ಕಂಪ್ಯೂಟರು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಮೆಮೊರಿಯೋ ಪರದೆಗೆ ಚಿತ್ರ ಕಳಿಸುವ ಭಾಗವೋ ಕೆಟ್ಟಿದ್ದರೆ ಅದನ್ನು ಪರದೆಯ ಮೇಲೆ ಬರೆದು ತೋರಿಸಲು ಆಗುವುದಿಲ್ಲ, ಪರದೆ ಇನ್ನೂ ಹೊತ್ತಿಕೊಂಡೇ ಇರುವುದಿಲ್ಲ. ಆಗ ಉಳಿಯುವುದು ದನಿಯೊಂದೇ. ಎಲ್ಲ ಸರಿಯಿದ್ದರೆ ಒಂದು ಗಿಡ್ಡ ಬೀಪ್, ಸರಿಯಿಲ್ಲದಿದ್ದರೆ ಉದ್ದ ಗಿಡ್ಡ ಬೀಪುಗಳ ಸಾಲು. ಯಾವ ಸಾಲಿಗೆ ಯಾವ ಅರ್ಥ ಅನ್ನುವುದು, ಈ ಪರೀಕ್ಷೆ ನಡೆಸುವ ಬಯಾಸ್ ಅನ್ನುವ ತಂತ್ರಾಂಶವನ್ನು ಮಾಡಿದ ಕಂಪನಿಯಿಂದ ಕಂಪನಿಗೆ ಬೇರೆ. ಆಮೇಲೆ ಮದರ್‌ಬೋರ್ಡಿನ ಮೇಲೆಯೇ ಸೌಂಡ್ ಚಿಪ್ ಕೂತಿತು. ಎಷ್ಟೋ ಬೋರ್ಡುಗಳಲ್ಲಿ ಹಳೆಯ ಬೀಪನ್ನು ಈ ಚಿಪ್ಪಿನ ಮೂಲಕವೇ ಹಾಯಿಸಿದರು. 2009ರ ವಿಂಡೋಸ್ 7 ಬಂದ ಮೇಲೆ ವಿಂಡೋಸ್ ತಾನು ಹೊಡೆಯುವ ಬೀಪನ್ನೂ ಸೌಂಡ್ ಚಿಪ್ಪಿಗೇ ಒಪ್ಪಿಸಿತು. ಡಬ್ಬಿಯೊಳಗೆ ಸಣ್ಣಗೆ ಕುಂಯ್‌ಗುಡುತ್ತಿದ್ದದ್ದು ಈಗ ಮೇಜಿನ ಮೇಲಿನ ದೊಡ್ಡ ಸ್ಪೀಕರಿನಲ್ಲಿ ಗಂಟಲು ಹರಿದುಕೊಳ್ಳುತ್ತದೆ.

ಮುಚ್ಚಿಸುವುದು ನಿಜಕ್ಕೂ ಸುಲಭ. ಸೌಂಡ್ ಸೆಟಿಂಗಿನಲ್ಲಿ ಪಿಸಿ ಬೀಪ್ ಅನ್ನುವ ಗೆರೆ ಇದ್ದರೆ ಅದನ್ನು ಮ್ಯೂಟ್ ಮಾಡಬಹುದು. ವಿಂಡೋಸ್ 7ರವರೆಗಿನ ಹಳೆಯ ವಿಂಡೋಸಾದರೆ ಡಿವೈಸ್ ಮ್ಯಾನೇಜರಿನಲ್ಲಿ ಅಡಗಿಸಿಟ್ಟ ಸಾಧನಗಳನ್ನು ತೆರೆದು ಬೀಪ್ ಡ್ರೈವರ್ ಬಂದ್ ಮಾಡಬಹುದು. ಬಯಾಸಿನಿಂದ ಬರುವ ಸದ್ದಾದರೆ ಸ್ಪೀಕರಿನ ತಂತಿಯನ್ನೇ ಕಿತ್ತುಬಿಡಬಹುದು. ಗಿರಾಕಿ ಖುಷಿಯಾಗುತ್ತಾನೆ, ರೊಕ್ಕ ಕೈಗೆ ಬರುತ್ತದೆ. ಆದರೆ ನಾನು ಆ ದಿನ ಡಬ್ಬಿ ಬಿಚ್ಚಿದೆ. ಪ್ರೊಸೆಸರಿನ ಮೇಲಿನ ಫ್ಯಾನಿನ ಎಲೆಗಳ ನಡುವೆ ಧೂಳು ಗಟ್ಟಿಯಾಗಿ ಮೆತ್ತಿಕೊಂಡಿತ್ತು, ಫ್ಯಾನು ತಿರುಗಲಾರದೆ ಏದುಸಿರು ಬಿಡುತ್ತಿತ್ತು. ಏರುದನಿ ಇಳಿದನಿಯ ಆ ಕೂಗು ಬಿಸಿಯ ಎಚ್ಚರಿಕೆ. ಮಧ್ಯಾಹ್ನದ ಬಿಸಿಲಿಗೆ ಅಂಗಡಿ ಕಾದ ಮೇಲೆ ಶುರುವಾಗುತ್ತಿತ್ತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ಇದು. ಬರೀ ಬಾಯಿ ಮುಚ್ಚಿಸಿ ಹೋಗಿದ್ದರೆ ಯುಗಾದಿಯ ಹೊತ್ತಿಗೆ ಆ ಯಂತ್ರ ಪೂರ್ತಿ ಸುಮ್ಮನಾಗುತ್ತಿತ್ತು.

ಹಾಗಂತ ಕೂಗಿದ್ದೆಲ್ಲ ಸತ್ಯ ಅಂತಲೂ ನಾನು ಹೇಳಲಾರೆ. ಇನ್ನೊಂದು ಅಂಗಡಿಯಲ್ಲಿ ಅಂಕಿ ಹೊಡೆಯುವ ಹುಡುಗ ನಮ್ ಲಾಕ್ ಕೀಲಿ ಒತ್ತಿದಾಗೊಮ್ಮೆ ಬೀಪ್ ಬರುತ್ತಿತ್ತು. ಆ ಕೀಲಿಯನ್ನು 5 ಸೆಕೆಂಡು ಒತ್ತಿ ಹಿಡಿದರೆ ಹೊತ್ತಿಕೊಳ್ಳುವ ಒಂದು ಸೌಕರ್ಯ ವಿಂಡೋಸಿನಲ್ಲಿದೆ. ಕೀಬೋರ್ಡಿನ ದೀಪ ಕಾಣದವರಿಗಾಗಿ ಮಾಡಿದ್ದು. ಕಣ್ಣಿಲ್ಲದವನಿಗೆ ಅದು ಕಣ್ಣು, ಆ ಹುಡುಗನಿಗೆ ಬರೀ ಕಿರಿಕಿರಿ. ಬಂದ್ ಮಾಡಿಕೊಟ್ಟೆ. ಒಂದು ಮಿಲ್ಲಿನಲ್ಲಿ ಮೋಟರ್ ಶುರುವಾದಾಗಲೆಲ್ಲ ಸ್ಪೀಕರ್ ಗುಂಯ್ ಅನ್ನುತ್ತಿತ್ತು. ಅರ್ಥಿಂಗ್ ಸರಿಯಿರಲಿಲ್ಲ. ಆ ಸದ್ದನ್ನು ಕಂಪ್ಯೂಟರು ಆಡಿಯೇ ಇರಲಿಲ್ಲ, ಹೊರಗಿನ ಕರೆಂಟಿನ ಗಲಾಟೆ ಅದರ ಬಾಯಲ್ಲಿ ಕೇಳುತ್ತಿತ್ತು. ಅಲ್ಲಿಗೆ ಸದ್ದು ಮೂರು ಬಗೆಯಾಯಿತು: ನಮಗೇ ಸಲ್ಲುವ ಎಚ್ಚರಿಕೆ, ಇನ್ನೊಬ್ಬರಿಗೆ ಮಾಡಿಟ್ಟ ಎಚ್ಚರಿಕೆ, ಮತ್ತು ಯಾರದೂ ಅಲ್ಲದ ಗದ್ದಲ. ಕಿವಿಗೆ ಮೂರೂ ಒಂದೇ ನಮೂನೆಯ ಪೀಡೆ.

ನಮ್ಮ ಎದೆಯೊಳಗೆ ಚುಚ್ಚುವ ದನಿಯೂ ಹೀಗೇ. ಅದಕ್ಕೆ ಆತ್ಮಸಾಕ್ಷಿ ಅನ್ನುತ್ತೇವೆ, ಅದು ಹೇಳಿದ್ದೇ ದೇವರ ಮಾತು ಅಂತ ನಂಬುತ್ತೇವೆ. ಕಾಳಿದಾಸನ ಶಾಕುಂತಲದಲ್ಲಿ ದುಷ್ಯಂತನಿಗೂ ಈ ನಂಬಿಕೆ ಇತ್ತು. ಆಶ್ರಮದ ಹುಡುಗಿ ಶಕುಂತಲೆಯ ಮೇಲೆ ನನ್ನ ಮನಸ್ಸು ಹೋಗಿದೆ, ಸಜ್ಜನರಿಗೆ ಸಂಶಯ ಬಂದಲ್ಲಿ ಅಂತಃಕರಣವೇ ಪ್ರಮಾಣ, ಆದ್ದರಿಂದ ಇವಳು ನನಗೆ ತಕ್ಕವಳೇ ಇರಬೇಕು ಅಂತ ಅವನು ವಾದ ಹೂಡುತ್ತಾನೆ. ಆ ಊಹೆ ನಿಜವಾಯಿತು, ಅದು ಬೇರೆ ಮಾತು. ಆದರೆ ಅವನ ಕೈಹಿಡಿದಿದ್ದ ಅದೇ ಶಕುಂತಲೆ ಬಸುರಿಯಾಗಿ ಸಭೆಗೆ ಬಂದು ನಿಂತಾಗ, ಶಾಪವೊಂದರಿಂದ ಬಂದ ಮರೆವಿನಲ್ಲಿದ್ದ ಅದೇ ಅಂತಃಕರಣ ಇವಳು ಪರಸ್ತ್ರೀ ಅಂದಿತು. ಆಗಲೂ ಅವನು ಧರ್ಮಕ್ಕೆ ಹೆದರಿಯೇ ಅವಳನ್ನು ತಿರುಗಿಸಿ ಕಳಿಸಿದ. ಪ್ರಾಮಾಣಿಕ ಮನಸ್ಸಿನ ಗಂಟೆಯೂ ತಪ್ಪು ಹೊಡೆಯಬಹುದು.

ಒಂದು ಊರಿಗೆ ಊರೇ ತಪ್ಪು ಗಂಟೆ ಕೇಳಿದ್ದೂ ಉಂಟು. ಕಮಲಾಪುರ, ಹುಮನಾಬಾದ್ ದಾಟಿ ಹೋದರೆ ಸಿಗುವ ಬಸವಕಲ್ಯಾಣದಲ್ಲಿ, 12ನೇ ಶತಮಾನದಲ್ಲಿ, ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟು ಮದುವೆ ಮಾಡಿದರೆಂದು ಶರಣ ಪರಂಪರೆ ಹೇಳುತ್ತದೆ. ಬಿಜ್ಜಳನ ಆಸ್ಥಾನಕ್ಕೆ ದೂರು ಒಯ್ದವರೆಲ್ಲ ದುಷ್ಟರೇ ಆಗಿದ್ದರು ಅಂತ ನನಗೆ ಅನ್ನಿಸುವುದಿಲ್ಲ. ಅವರಲ್ಲಿ ಎಷ್ಟೋ ಮಂದಿಗೆ ನಿಜವಾಗಿಯೂ ಎದೆ ಚುಚ್ಚಿರಬೇಕು, ಅಧರ್ಮ ನಡೆಯಿತು ಅಂತ ನಿದ್ದೆ ಕೆಟ್ಟಿರಬೇಕು. ಆ ಚುಚ್ಚುವಿಕೆಗೆ ಕಿವಿಗೊಟ್ಟದ್ದರಿಂದ ಇಬ್ಬರು ಬೀಗರಿಗೆ ಎಳೆಹೂಟೆಯ ಶಿಕ್ಷೆಯಾಯಿತು. ಇವತ್ತಿಗೂ ನಮ್ಮಲ್ಲಿ ಬೇರೆ ಜಾತಿಯವರ ಮನೆಯಲ್ಲಿ ತಾಟಿಗೆ ಕೈಹಾಕಿದಾಗ ಒಳಗೆ ಏನೋ ಕುಟುಕಿದಂತಾಗುವ ಹಿರಿಯರಿದ್ದಾರೆ. ಆ ಕುಟುಕಿನಲ್ಲಿ ಪಾಪದ ಸುದ್ದಿಯೇನೂ ಇಲ್ಲ. ಯಾರೋ ಯಾವ ಕಾಲಕ್ಕೋ ಕೂಡಿಸಿಟ್ಟ ಸೆಟಿಂಗು ಇನ್ನೂ ಕೂಗುತ್ತಿದೆ.

ಹಾಗಾದರೆ ಆತ್ಮಸಾಕ್ಷಿ ಅನ್ನುವುದೇ ಸುಳ್ಳು, ಅದೆಲ್ಲ ರೂಢಿಯ ಗದ್ದಲ ಅಂತ ತಂತಿ ಕಿತ್ತುಬಿಡೋಣವೇ? ಓದಿದ ಹುಡುಗರು ಹೀಗೆ ವಾದಿಸುತ್ತಾರೆ. ಇವರಿಗೆ ನಾನು ಸಾಕ್ರೆಟಿಸನ ಮಾತು ಹೇಳುತ್ತೇನೆ. ಅಥೆನ್ಸಿನ ಆ ಮುದುಕನಿಗೆ ಚಿಕ್ಕಂದಿನಿಂದ ಒಂದು ದನಿ ಕೇಳುತ್ತಿತ್ತಂತೆ. ಇದನ್ನು ಮಾಡು ಅಂತ ಅದು ಎಂದೂ ಹೇಳಲಿಲ್ಲ, ಬೇಡ ಅಂತ ಮಾತ್ರ ತಡೆಯುತ್ತಿತ್ತು. ಕ್ರಿಸ್ತಪೂರ್ವ 399ರಲ್ಲಿ ಅವನಿಗೆ ಮರಣದಂಡನೆಯಾದಾಗ ಅವನು ಹೇಳಿದ್ದಾಗಿ ಪ್ಲೇಟೋ ಬರೆದಿರುವುದು ಇದು: ಸಣ್ಣ ಸಣ್ಣ ವಿಷಯಕ್ಕೂ ಅಡ್ಡಬರುತ್ತಿದ್ದ ದನಿ ಇವತ್ತು ಮನೆಯಿಂದ ಹೊರಡುವಾಗಲೂ ತಡೆಯಲಿಲ್ಲ, ಇಲ್ಲಿ ಮಾತಾಡುವಾಗಲೂ ತಡೆಯಲಿಲ್ಲ, ಆದ್ದರಿಂದ ನನಗೆ ಬಂದದ್ದು ಕೆಟ್ಟದ್ದಲ್ಲ.

ರಿಪೇರಿಯವನ ಕಿವಿಗೆ ಈ ಮಾತಿನ ತೂಕ ತಕ್ಷಣ ತಿಳಿಯುತ್ತದೆ. ಸಾಕ್ರೆಟಿಸನ ಮೌನಕ್ಕೆ ಬೆಲೆ ಬಂದದ್ದು ಅವನ ಗಂಟೆ ಜನ್ಮಪೂರ್ತಿ ಕೆಲಸ ಮಾಡುತ್ತಿದ್ದುದರಿಂದ. ಸ್ಪೀಕರ್ ಜೋಡಿಸಿದ ಕಂಪ್ಯೂಟರು ಬಿಸಿಲಿನಲ್ಲೂ ಸುಮ್ಮನಿದ್ದರೆ ನಾನು ನಿಶ್ಚಿಂತೆಯಿಂದ ಮನೆಗೆ ಹೋಗುತ್ತೇನೆ. ತಂತಿ ಕಿತ್ತ ಕಂಪ್ಯೂಟರೂ ಅಷ್ಟೇ ಸುಮ್ಮನಿರುತ್ತದೆ. ಅದರ ಮೌನ ಏನನ್ನೂ ಹೇಳುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಎರಡರ ನಡುವೆ ಭೇದವೇ ಕಾಣದು. ಕಲಬುರಗಿಯಲ್ಲಿ ಶರಣಬಸವೇಶ್ವರರ ಗುಡಿಗೂ ಬಂದೇನವಾಜ್ ದರ್ಗಾಕ್ಕೂ ಜನ ನೆಮ್ಮದಿ ಬೇಡಿಕೊಂಡು ಹೋಗುತ್ತಾರೆ. ಬೇಡುವುದು ತಪ್ಪಲ್ಲ. ಆದರೆ ರೈತನ ಚೀಲದ ತೂಕದಲ್ಲಿ ಕೈಯಾಡಿಸಿ, ಸಂಜೆ ಗುಡಿಗೆ ಹೋಗಿ ನೆಮ್ಮದಿಯಾಗಿ ಬಂದವನು ಪಡೆದದ್ದು ತಂತಿ ಕಿತ್ತ ಮೌನ. ಅದಕ್ಕೇ ನಾನು ಮೊದಲ ಪ್ರಶ್ನೆಗೆ ಇಲ್ಲ ಅನ್ನುತ್ತೇನೆ. ನೆಮ್ಮದಿಯೊಂದೇ ಸಾಕ್ಷಿಯಾಗದು, ಕುಟುಕುವ ಮನಸ್ಸೊಂದೇ ಕೂಡ ಸಾಕ್ಷಿಯಾಗದು. ಡಬ್ಬಿ ಬಿಚ್ಚಿ ನೋಡಲೇಬೇಕು.

ಬಿಚ್ಚುವ ಕ್ರಮ ನಮ್ಮ ಕಸುಬಿನಲ್ಲಿದೆ. ಒಂದೊಂದೇ ಭಾಗ ತೆಗೆದು, ಯಾವುದನ್ನು ತೆಗೆದರೆ ಸದ್ದು ನಿಲ್ಲುತ್ತದೆ ಅಂತ ನೋಡುತ್ತೇವೆ. ಒಳದನಿಗೂ ಇದನ್ನೇ ಮಾಡಬಹುದು. ನಾಲ್ಕು ಮಂದಿ ಏನಂದಾರು ಅನ್ನುವ ಅಂಜಿಕೆಯನ್ನು ತೆಗೆದು ನೋಡಿ. ಕುಟುಕುವುದು ನಿಂತರೆ ಅದು ಮೋಟರಿನ ಗುಂಯ್‌ಗುಟ್ಟುವಿಕೆ. ನನ್ನ ಲಾಭವನ್ನು ತೆಗೆದು ನೋಡಿ. ಲಾಭವಿಲ್ಲದ ಕಡೆ ಮಾತ್ರ ಧರ್ಮ ನೆನಪಾಗುತ್ತಿದ್ದರೆ ಆ ದನಿ ನಂಬುವಂಥದಲ್ಲ. ಎದುರಿಗಿರುವವನಿಗೆ ನಿಜವಾಗಿ ಏನು ನಷ್ಟವಾಗುತ್ತದೆ ಅಂತ ಕೇಳಿ. ಊಟದ ತಾಟಿನಲ್ಲಿ ಯಾರಿಗೂ ನಷ್ಟವಿಲ್ಲ. ತೂಕದಲ್ಲಿ ನಷ್ಟವಾಗುವುದು ಒಬ್ಬ ರೈತನಿಗೆ, ಅವನಿಗೆ ಒಂದು ಮುಖವಿದೆ.

ಒಳಗಿನ ಗಂಟೆಯೊಂದನ್ನೇ ನಂಬಬಾರದು ಅಂತ ಗೊತ್ತಿದ್ದ ಅರಸನೊಬ್ಬ ನಮ್ಮ ಜಿಲ್ಲೆಯಲ್ಲೇ ಗುರುತು ಬಿಟ್ಟುಹೋಗಿದ್ದಾನೆ. ಭೀಮಾ ದಂಡೆಯ ಸನ್ನತಿಯಲ್ಲಿ ಸಿಕ್ಕ ಅಶೋಕನ ಶಾಸನಗಳಲ್ಲಿ, ಕಳಿಂಗದಲ್ಲಿ ಅವನು ಬರೆಸಿದ್ದ ಎರಡು ವಿಶೇಷ ಶಾಸನಗಳೂ ಇವೆ. ಎಲ್ಲ ಮನುಷ್ಯರೂ ನನ್ನ ಮಕ್ಕಳು, ಕಾರಣವಿಲ್ಲದೆ ಯಾರನ್ನೂ ಹಿಂಸಿಸಬೇಡಿ ಅಂತ ಅವು ಅಧಿಕಾರಿಗಳಿಗೆ ಹೇಳುತ್ತವೆ. ಅಷ್ಟಕ್ಕೇ ಬಿಡದೆ, ಈ ಮಾತನ್ನು ತಿಷ್ಯ ನಕ್ಷತ್ರದ ದಿನ ಓದಿಸಿ ಕೇಳಬೇಕು, ನಡುನಡುವೆಯೂ ಒಬ್ಬನೇ ಇದ್ದರೂ ಕೇಳಬೇಕು ಅಂತ ಕಟ್ಟಪ್ಪಣೆ ಮಾಡುತ್ತವೆ. ಒಮ್ಮೆ ಕೇಳಿ ಒಳ್ಳೆಯವರಾಗುತ್ತಾರೆ ಅನ್ನುವ ಭ್ರಮೆ ಅವನಿಗಿರಲಿಲ್ಲ, ಹೊತ್ತುಹೊತ್ತಿಗೆ ಕೂಗುವ ಎಚ್ಚರಿಕೆಯನ್ನು ಹೊರಗಿನಿಂದ ಕೂಡಿಸಿದ. ಕಾಲ ಕಳೆದು ಆ ಲಿಪಿ ಯಾರಿಗೂ ಬಾರದಾಯಿತು. ಕಲ್ಲಿನ ನಡುವೆ ತೂತು ಕೊರೆದು ಅದನ್ನು ಕಾಳಿಯ ಮೂರ್ತಿಗೆ ಪೀಠ ಮಾಡಿದರು. 1986ರಲ್ಲಿ ಚಂದ್ರಲಾಂಬೆ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದು ಮೂರ್ತಿ ಒಡೆದ ಮೇಲೆಯೇ ಅಕ್ಷರಗಳು ಹೊರಬಿದ್ದದ್ದು. ಪೀಠ ಮಾಡಿದವರನ್ನು ನಾನು ದೂರುವುದಿಲ್ಲ, ಅವರಿಗೆ ಅದು ಓದಲು ಬರುತ್ತಿರಲಿಲ್ಲ. ಓದಲು ಬರುವ ನಾವು ನಮ್ಮ ಧರ್ಮದ ಮಾತುಗಳನ್ನು ಪೂಜೆಯ ಕೆಳಗೆ ಇಟ್ಟುಕೊಂಡು ಕೂತಿದ್ದರೆ ದೂರಬೇಕಾದ್ದು ನಮ್ಮನ್ನು.

ನನ್ನ ಕಸುಬಿಗೆ ಮರಳಿದರೆ, ಎಷ್ಟು ಹುಡುಕಿದರೂ ಕಾರಣ ಸಿಗದ ಸದ್ದುಗಳೂ ಇರುತ್ತವೆ. ಗಿರಾಕಿ ಎಷ್ಟು ಬೈದರೂ ಅಂಥದ್ದನ್ನು ನಾನು ಬಂದ್ ಮಾಡುವುದಿಲ್ಲ. ಕೀಬೋರ್ಡಿನ ಪಕ್ಕ ಒಂದು ಚೀಟಿ ಇಡಿಸುತ್ತೇನೆ: ಯಾವಾಗ ಕೂಗಿತು, ಆಗ ಏನು ನಡೆದಿತ್ತು ಅಂತ ಬರೆಯಿರಿ. ಎರಡು ವಾರದ ಚೀಟಿ ನೋಡಿದರೆ ಸಾಮಾನ್ಯವಾಗಿ ದಾರಿ ಕಾಣುತ್ತದೆ. ಆ ಸಾಹುಕಾರರಿಗೆ ಇದನ್ನು ಹೇಳುತ್ತಿದ್ದಾಗ ಮುನೀಮ ಕಾಕಾ ನಕ್ಕು, “ಹಂಗಾದ್ರ ನಮಗೂ ಒಂದು ಚೀಟಿ ಬೇಕಲ್ಲೋ ತಮ್ಮ,” ಅಂದರು. ಬೇಕು. ಎದೆ ಕುಟುಕಿದಾಗ ಎದುರಿಗೆ ಯಾರಿದ್ದರು, ಕೈಯಲ್ಲಿ ಏನಿತ್ತು ಅಂತ ಬರೆದಿಡುವವನು ಕಾಲಾಂತರದಲ್ಲಿ ತನ್ನ ಯಾವ ದನಿಯನ್ನು ಬಂದ್ ಮಾಡಬಹುದು, ಯಾವುದಕ್ಕೆ ಎದ್ದು ಹೋಗಿ ತೂಕ ಸರಿಮಾಡಬೇಕು ಅನ್ನುವುದನ್ನು ತಾನೇ ಕಲಿಯುತ್ತಾನೆ.