ಮಾಡಿದ್ದುಣ್ಣುವ ಯಂತ್ರ

ಕಾರಿನ ಎಂಜಿನ್ನಿಗೂ ಧರ್ಮಜಿಜ್ಞಾಸೆಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವಿದೆ, ಅದು ಒಂದು ರಬ್ಬರ್ ಕೊಳವೆಯ ತುದಿಯಲ್ಲಿದೆ. ಆ ತುದಿಯನ್ನು ಎಲ್ಲಿಗೆ ಜೋಡಿಸಬೇಕೆಂಬುದು ಮೇಲುನೋಟಕ್ಕೆ ಮೆಕ್ಯಾನಿಕನ ಪ್ರಶ್ನೆ. ಒಳಹೊಕ್ಕು ನೋಡಿದರೆ ನಮ್ಮೆಲ್ಲರದು.

ಸಿಲಿಂಡರಿನಲ್ಲಿ ಪೆಟ್ರೋಲು ಉರಿದು ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಪಿಸ್ಟನ್ನಿನ ಸುತ್ತ ರಿಂಗುಗಳನ್ನು ಎಷ್ಟೇ ಬಿಗಿಯಾಗಿ ಕೂಡಿಸಿದರೂ ಆ ಬಿಸಿಗಾಳಿಯ ಸ್ವಲ್ಪ ಪಾಲು ಸಂದಿನಲ್ಲಿ ನುಸುಳಿ ಕೆಳಗಿನ ಕ್ರ್ಯಾಂಕ್‌ಕೇಸನ್ನು ಸೇರುತ್ತದೆ. ಅದರಲ್ಲಿ ಉರಿಯದೆ ಉಳಿದ ಪೆಟ್ರೋಲು, ನೀರಾವಿ, ಆಮ್ಲ ಎಲ್ಲವೂ ಇರುತ್ತವೆ. ಅದು ಅಲ್ಲಿಯೇ ನಿಂತರೆ ಎಣ್ಣೆ ಕೆಸರಾಗುತ್ತದೆ. ಒತ್ತಡ ಏರಿದರೆ ಸೀಲುಗಳು ಸಡಿಲಿ ಎಣ್ಣೆ ಸೋರುತ್ತದೆ. ಆದುದರಿಂದ ಅದು ಹೊರಬೀಳಲೇಬೇಕು. ಹೊರಬಿದ್ದು ಎಲ್ಲಿಗೆ ಹೋಗಬೇಕು?

ಮೋಟಾರು ಯುಗದ ಮೊದಲ ಅರ್ಧದಲ್ಲಿ ಈ ಪ್ರಶ್ನೆಗೆ ಸುಲಭದ ಉತ್ತರವಿತ್ತು: ಕಾರಿನ ಅಡಿಗೆ ಒಂದು ಕೊಳವೆ ಇಳಿಬಿಟ್ಟರೆ ಮುಗಿಯಿತು. ಓಡುವ ಕಾರಿನ ಗಾಳಿಯೇ ಹೊಗೆಯನ್ನು ಸೆಳೆದು ರಸ್ತೆಗೆ ಚೆಲ್ಲುತ್ತಿತ್ತು. ಮನೆಯ ಕಸವನ್ನು ಬೀದಿಗೆ ಗುಡಿಸಿ ಮನೆ ಚೊಕ್ಕಟವಾಯಿತೆಂದು ಕೈ ತೊಳೆದುಕೊಂಡ ಹಾಗೆ. ಅನಾನಸ್ ಹಣ್ಣಿನ ಪರಿಮಳವನ್ನು ಕುರಿತು ಸಂಶೋಧನೆ ನಡೆಸುತ್ತಿದ್ದ ರಸಾಯನಶಾಸ್ತ್ರಜ್ಞ ಹಾಗೆನ್-ಸ್ಮಿತ್ 1950ರ ದಶಕದ ಆರಂಭದಲ್ಲಿ ಲಾಸ್ ಏಂಜಲಿಸ್ ನಗರದ ಕಣ್ಣುರಿಸುವ ಮಂಜನ್ನು ಪರೀಕ್ಷಿಸಿದರು. ಉರಿಯದ ಪೆಟ್ರೋಲಿನ ಆವಿ ಮತ್ತು ಎಂಜಿನ್ ಹೊಗೆಯ ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಬೆರೆತು ಓಜೋನ್ ಆಗುತ್ತದೆಂದು ತೋರಿಸಿಕೊಟ್ಟರು. ಕಾರು ಹೊರಹಾಕುವ ಇಂಥ ಆವಿಯಲ್ಲಿ ಸುಮಾರು ಐದರಲ್ಲೊಂದು ಪಾಲು ಆ ಬಡ ಕೊಳವೆಯಿಂದಲೇ ಬರುತ್ತಿತ್ತು.

ಪರಿಹಾರ ಹೊಸದೇನೂ ಆಗಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಹೊಳೆ ದಾಟುವ ಟ್ಯಾಂಕುಗಳ ಎಂಜಿನ್ನಿಗೆ ನೀರು ನುಗ್ಗದಿರಲೆಂದು ಈ ಕೊಳವೆಯನ್ನು ಮುಚ್ಚಿ, ಹೊಗೆಯನ್ನು ಎಂಜಿನ್ನೇ ಮರಳಿ ಸೆಳೆದುಕೊಂಡು ಉರಿಸುವಂತೆ ಮಾಡಿದ್ದರು. ಹೊರಗಿನದು ಒಳಕ್ಕೆ ಬಂದೀತೆಂಬ ಭಯಕ್ಕೆ ಬಾಗಿಲು ಹಾಕಿದ ಮನುಷ್ಯ, ಒಳಗಿನದು ಹೊರಗೆ ಹೋಗಿ ಇನ್ನೊಬ್ಬರನ್ನು ನೋಯಿಸೀತೆಂಬ ಭಯಕ್ಕೆ ಅದೇ ಬಾಗಿಲು ಹಾಕಲು 1960ರ ದಶಕದವರೆಗೆ ಕಾಯಬೇಕಾಯಿತು. ಮೊದಲು ಕ್ಯಾಲಿಫೋರ್ನಿಯದಲ್ಲಿ, 1963ರ ಹೊತ್ತಿಗೆ ಅಮೆರಿಕದ ಹೊಸ ಕಾರುಗಳಲ್ಲೆಲ್ಲ ಪಿ.ಸಿ.ವಿ. ವಾಲ್ವು ಬಂದಿತು. ಇಂಥ ಸಾಧನಗಳನ್ನು ತಡಮಾಡಲು ಕಾರು ತಯಾರಕರು ತಮ್ಮೊಳಗೆ ಒಪ್ಪಂದ ಮಾಡಿಕೊಂಡಿದ್ದರೆಂದು ಅಮೆರಿಕದ ಸರ್ಕಾರ 1969ರಲ್ಲಿ ಮೊಕದ್ದಮೆ ಹೂಡಿತು. ಅದು ಅದೇ ವರ್ಷ ರಾಜಿಯಲ್ಲಿ ಮುಗಿಯಿತು.

ಇಂದು ಕಾರ್ಖಾನೆಯ ಕಾರು ಕೊಳ್ಳುವವನಿಗೆ ಈ ಚಿಂತೆಯಿಲ್ಲ. ಅವನ ಪರವಾಗಿ ಬೇರೆ ಯಾರೋ ಯೋಚಿಸಿದ್ದಾರೆ. ಆದರೆ ಎರಡು ಎಂಜಿನ್ನುಗಳನ್ನು ಕೂಡಿಸಿ ಒಂದು ಮಾಡುವ ಹವ್ಯಾಸಿಗಳಿದ್ದಾರೆ. ಹೋಂಡಾದ 1834 ಸಿ.ಸಿ.ಯ ಇಂಟೆಗ್ರಾ ಬ್ಲಾಕಿನ ಮೇಲೆ, 1595 ಸಿ.ಸಿ.ಯ ಬಿ16ಎ ಎಂಜಿನ್ನಿನ ವಿಟೆಕ್ ಹೆಡ್ಡನ್ನು ಕೂಡಿಸುವುದು ಅವರಲ್ಲಿ ಹೆಸರಾದ ಮಿಶ್ರಣ. ಹೆಡ್ಡಿಗೆ ಬೇಕಾದ ಎಣ್ಣೆಯ ದಾರಿ ಆ ಬ್ಲಾಕಿನಲ್ಲಿಲ್ಲ, ಹೊರಗಿನಿಂದ ಎಳೆಯಬೇಕು. ಬ್ಲಾಕಿನ ಹಿಂದಿನ ಉಸಿರುಪೆಟ್ಟಿಗೆ ಒಂದು ಮನೆಯದು, ಹೆಡ್ಡಿನ ಮುಚ್ಚಳ ಇನ್ನೊಂದು ಮನೆಯದು. ಯಾವ ಕಾರ್ಖಾನೆಯ ನಕ್ಷೆಯೂ ಇದಕ್ಕೆ ಪೂರ್ತಿ ಅನ್ವಯಿಸದು. ಕೂಡಿಸಿದವನೇ ಕರ್ತೃ. ಕೊಳವೆಯ ತುದಿ ಅವನ ಕೈಯಲ್ಲಿ ಉಳಿಯುತ್ತದೆ.

ಅದಕ್ಕೊಂದು ಸಣ್ಣ ಫಿಲ್ಟರ್ ಸಿಕ್ಕಿಸಿ ಗಾಳಿಗೆ ಬಿಡುವುದು ಸುಲಭ. ಹಾಗೆ ಬಿಡುವವನು ಬರಿಯ ಸೋಮಾರಿಯಲ್ಲ. ಅವನ ವಾದದಲ್ಲಿ ಹುರುಳಿದೆ. ಮರಳಿ ಬರುವ ಹೊಗೆಯೊಡನೆ ಎಣ್ಣೆಯ ತುಂತುರೂ ಬರುತ್ತದೆ. ಅದು ಗಾಳಿಯ ದಾರಿಯನ್ನು ಜಿಡ್ಡಾಗಿಸುತ್ತದೆ. ಹೆಚ್ಚಾದರೆ ಎಂಜಿನ್ ಬಡಿದುಕೊಳ್ಳುತ್ತದೆ. ಬೆವರಿಳಿಸಿ ಕಟ್ಟಿದ ಯಂತ್ರಕ್ಕೆ ಎಂಜಲು ಉಣಿಸಲೆ? ಲಕ್ಷಾಂತರ ಕಾರುಗಳ ನಡುವೆ ನನ್ನದೊಂದರ ಹೊಗೆ ಎಷ್ಟರದು?

ಎರಡನೆಯ ಪ್ರಶ್ನೆಗೆ ಲಾಸ್ ಏಂಜಲಿಸ್ ನಗರವೇ ಉತ್ತರ. ಅಲ್ಲಿನ ಮಂಜನ್ನು ಯಾವ ದುಷ್ಟನೂ ಸೃಷ್ಟಿಸಲಿಲ್ಲ. ನನ್ನದೆಷ್ಟರದು ಎಂದವರೇ ಒಟ್ಟಾಗಿ ಅದನ್ನು ನೆಯ್ದರು. ಮೊದಲನೆಯ ಪ್ರಶ್ನೆಗೆ ಯಂತ್ರಶಾಸ್ತ್ರದಲ್ಲಿ ಮಧ್ಯಮಾರ್ಗವಿದೆ. ದಾರಿಯಲ್ಲೊಂದು ಡಬ್ಬಿ ಕೂಡಿಸಿ, ಒಳಗೆ ತಡೆಗಳನ್ನಿಟ್ಟು, ಎಣ್ಣೆಯನ್ನೂ ನೀರನ್ನೂ ಅಲ್ಲಿ ಇಳಿಸಿ, ಉಳಿದ ಹೊಗೆಯನ್ನು ವಾಲ್ವಿನ ಮೂಲಕ ಎಂಜಿನ್ನಿಗೆ ಮರಳಿಸಬಹುದು. ಅದಕ್ಕೆ ಹಣ ಬೇಕು, ಜಾಗ ಬೇಕು, ತಾಳ್ಮೆ ಬೇಕು. ಆದರೆ ಸಾಧ್ಯ.

ಕಥೆ ಇಲ್ಲಿಗೆ ಮುಗಿದರೆ ಚೆನ್ನಾಗಿತ್ತು. ಡಬ್ಬಿ ತುಂಬುತ್ತದೆ. ಚಳಿಗಾಲದಲ್ಲಿ ಹಾಲುಗಟ್ಟಿದ ಕೊಳಕು ನೀರು ಬೇಗ ತುಂಬುತ್ತದೆ. ಅದನ್ನು ಎಲ್ಲಿ ಸುರಿಯುವುದು? ಹಿತ್ತಿಲ ಚರಂಡಿಗೆ ಸುರಿದರೆ ಆ ಹಳೆಯ ಕೊಳವೆಯೇ ಮರಳಿ ಬಂದಂತಾಯಿತು. ನಡುವೆ ಒಂದು ಹೊಳೆಯುವ ಡಬ್ಬಿ ಬಂದದ್ದಷ್ಟೇ ವ್ಯತ್ಯಾಸ. ಬಿಚ್ಚಿಬಿಟ್ಟ ಕೊಳವೆಯನ್ನು ಕ್ಯಾಲಿಫೋರ್ನಿಯದ ತಪಾಸಣೆಯವನು ಕಣ್ಣಿಟ್ಟು ನೋಡಿ ಹಿಡಿಯುತ್ತಾನೆ. ಚರಂಡಿಯ ಬಳಿ ಬಗ್ಗಿದವನನ್ನು ಯಾರೂ ನೋಡುವುದಿಲ್ಲ. ಕಾಯಿದೆ ಕೊಳವೆಯವರೆಗೆ ಬಂದು ಅಲ್ಲಿ ನಿಲ್ಲುತ್ತದೆ; ಅಲ್ಲಿಂದ ಮುಂದೆ ಡಬ್ಬಿ ಹಿಡಿದು ಹಳೆಯ ಎಣ್ಣೆ ಕೊಳ್ಳುವ ಕೇಂದ್ರದವರೆಗೆ ನಡೆಯುವುದು ಅಂತಃಕರಣದ ಕೆಲಸ. ಕೆಲವರು ನಡೆಯುತ್ತಾರೆ.

ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆಯನ್ನು ನಾವು ಬೈಗುಳದಂತೆ ಬಳಸುತ್ತೇವೆ. ತಪ್ಪಿತಸ್ಥನಿಗೆ ಬಂದ ಶಿಕ್ಷೆಯೆಂದು ತಿಳಿದಿದ್ದೇವೆ. ಈ ಯಂತ್ರವನ್ನು ನೋಡಿದ ಮೇಲೆ ಅದು ಶಿಕ್ಷೆಯಲ್ಲ, ನಡತೆ ಎನ್ನಿಸುತ್ತದೆ. ಎಷ್ಟೇ ಬಿಗಿಯಾದ ರಿಂಗು ಹಾಕಿದರೂ ಸೋರಿಕೆ ತಪ್ಪದು. ದೋಷವಿಲ್ಲದ ಎಂಜಿನ್ನಿಲ್ಲ, ದೋಷವಿಲ್ಲದ ಮನುಷ್ಯನೂ ಇಲ್ಲ. ಸೋರಿದ್ದಕ್ಕೆ ನಾಚಬೇಕಾಗಿಲ್ಲ. ಸೋರಿದ್ದನ್ನು ನೆರೆಯವನ ಉಸಿರಿಗೆ ಬಿಟ್ಟು, ನನ್ನ ಎಂಜಿನ್ ಎಷ್ಟು ಶುಚಿಯಾಗಿದೆ ನೋಡಿ ಎಂದು ಮುಚ್ಚಳ ಎತ್ತಿ ತೋರಿಸುವುದಕ್ಕೆ ನಾಚಬೇಕು.